ವಾಸಿಯಾಗದ ಗಾಯಕ್ಕೆ ಆಕರಕೋಶ ಚಿಕಿತ್ಸೆ: ಯಾರಿಗೆ ಉಪಯುಕ್ತ, ಯಾರಿಗೆ ಅಲ್ಲ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಆಗಿರುವ ಹುಣ್ಣು ಐದು ತಿಂಗಳಾದರೂ ವಾಸಿಯಾಗಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇವೆ. ಅವರಿಗೆ ನೋವೇನೂ ಇಲ್ಲ, ಎಂದಿನಂತೆ ತೋಟಕ್ಕೆ ಹೋಗಿ ಬರುತ್ತಾರೆ. ನಗರದ ಒಂದು ಕ್ಲಿನಿಕ್‌ನವರು ಹೊಕ್ಕುಳಬಳ್ಳಿಯ ಸ್ಟೆಮ್ ಸೆಲ್ ಇಂಜೆಕ್ಷನ್ ಮೂರು ಸಲ ಕೊಟ್ಟರೆ ಗಾಯ ಮುಚ್ಚುತ್ತದೆ, ಕಾಲು ತೆಗೆಯುವ ಪ್ರಸಂಗ ತಪ್ಪುತ್ತದೆ ಎಂದಿದ್ದಾರೆ. ಎರಡೂವರೆ ಲಕ್ಷ ರೂಪಾಯಿ ಆಗುತ್ತದಂತೆ. ಮಾಡಿಸಬಹುದೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಆ ಹಣವನ್ನು ಕಟ್ಟಬೇಡಿ. ಹುಣ್ಣು ಏಕೆ ಮುಚ್ಚುತ್ತಿಲ್ಲ ಎಂಬುದಕ್ಕೆ ಬಹುದೊಡ್ಡ ಸುಳಿವು ನಿಮ್ಮ ಪತ್ರದಲ್ಲೇ ಇದೆ: ಅಂಗಾಲಿನಲ್ಲಿ ಐದು ತಿಂಗಳ ಹುಣ್ಣಿದ್ದರೂ ನಿಮ್ಮ ತಂದೆಯವರಿಗೆ ನೋವಿಲ್ಲ, ಅದೇ ಕಾಲನ್ನು ಊರಿಕೊಂಡು ಅವರು ತೋಟಕ್ಕೆ ನಡೆಯುತ್ತಿದ್ದಾರೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡಾಗ ಹೀಗಾಗುತ್ತದೆ. ನಮ್ಮ ನಿಮ್ಮ ಪಾದದಲ್ಲಿ ಇಷ್ಟು ದೊಡ್ಡ ಗಾಯವಿದ್ದರೆ ನಾವು ಅರಿವಿಲ್ಲದೆಯೇ ಕುಂಟುತ್ತಾ ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುತ್ತೇವೆ. ಅವರಿಗೆ ಆ ರಕ್ಷಣೆ ಇಲ್ಲ. ಡ್ರೆಸ್ಸಿಂಗ್‌ನ ಅಡಿಯಲ್ಲಿ ರಾತ್ರಿಯಿಡೀ ಹುಟ್ಟಿದ ಎಳೆಯ ಅಂಗಾಂಶವು ಬೆಳಗ್ಗೆ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಜಜ್ಜಿಹೋಗುತ್ತಿರುತ್ತದೆ. ಹುಣ್ಣಿನ ಸುತ್ತ ಹಳದಿ ಮಿಶ್ರಿತ ಬಿಳುಪಿನ ದಪ್ಪ ಚರ್ಮ ಆಣಿಗಟ್ಟಿ ಉಂಗುರದಂತೆ ನಿಂತಿದೆಯೇ ಎಂದು ಒಮ್ಮೆ ನೋಡಿ. ಹಾಗಿದ್ದರೆ ಅಲ್ಲಿ ಪ್ರತಿ ಹೆಜ್ಜೆಗೂ ಅತಿಯಾದ ಒತ್ತಡ ಬೀಳುತ್ತಿದೆ ಎಂದೇ ಅರ್ಥ. ಆ ಒತ್ತಡ ಮುಂದುವರಿಯುವವರೆಗೆ ಯಾವ ಕೋಶವನ್ನು ಚುಚ್ಚಿದರೂ ಅದಕ್ಕೆ ಆಗುವ ಗತಿ ಅವರದೇ ಎಳೆಯ ಅಂಗಾಂಶಕ್ಕೆ ಆಗುತ್ತಿರುವ ಗತಿಯೇ.

ಇದಕ್ಕಿರುವ ಉತ್ತಮ ಉಪಾಯ ಹಳೆಯದು, ಅಗ್ಗದ್ದು. ಮೊಣಕಾಲ ಕೆಳಗಿನಿಂದ ಪಾದದವರೆಗೆ ಚರ್ಮಕ್ಕೆ ಒತ್ತಿ ಕೂರುವಂತೆ ಪ್ಲಾಸ್ಟರ್ ಹಾಕಿದರೆ ದೇಹದ ಭಾರವು ಹುಣ್ಣಿರುವ ಒಂದು ಬಿಂದುವಿನ ಮೇಲೆ ಬೀಳದೆ ಇಡೀ ಕಾಲಿಗೆ ಹಂಚಿಹೋಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಸ್ಪರ್ಶವಿಲ್ಲದ ಪಾದಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಡಾ. ಪಾಲ್ ಬ್ರ್ಯಾಂಡ್ ಈ ವಿಧಾನವನ್ನು ಮುಂದೆ ಅಮೆರಿಕಕ್ಕೂ ಕೊಂಡೊಯ್ದರು. ಇಂದು ಜಗತ್ತಿನಾದ್ಯಂತ ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣಿಗೆ ಇದೇ ಮೊದಲ ಆಯ್ಕೆ. ಒಂದೆರಡು ವಾರಕ್ಕೊಮ್ಮೆ ಪ್ಲಾಸ್ಟರ್ ಬಿಚ್ಚಿ, ಗಾಯವನ್ನು ಅಳೆದು, ಮತ್ತೆ ಹಾಕುತ್ತಾರೆ. ಪ್ಲಾಸ್ಟರ್ ಬೇಡವೆಂದಾದರೆ ಅದೇ ಕೆಲಸ ಮಾಡುವ ಬೂಟುಗಳಿವೆ, ಆದರೆ ಮನೆಯೊಳಗೆ ಬಿಚ್ಚಿಡಬಹುದಾದ ಬೂಟನ್ನು ಹೆಚ್ಚಿನವರು ಬಿಚ್ಚಿಯೇ ಇಡುತ್ತಾರೆ ಎಂಬ ಕಾರಣಕ್ಕೆ ನಾನು ಬಿಚ್ಚಲಾಗದ್ದನ್ನೇ ಶಿಫಾರಸು ಮಾಡುತ್ತೇನೆ.

ಪ್ಲಾಸ್ಟರ್ ಹಾಕುವ ಮೊದಲು ಎರಡು ಸಂಗತಿಗಳು ಖಚಿತವಾಗಬೇಕು. ಕಾಲಿಗೆ ರಕ್ತ ಸಾಕಷ್ಟು ಬರುತ್ತಿದೆಯೇ ಎಂಬುದು ಮೊದಲನೆಯದು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ ನೋಡುವ ಸರಳ ಪರೀಕ್ಷೆಯಲ್ಲಿ ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಎಂದು ತಿಳಿಯಬೇಕು. ಆದರೆ ಸಕ್ಕರೆ ಕಾಯಿಲೆಯವರ ರಕ್ತನಾಳಗಳ ಗೋಡೆಯಲ್ಲಿ ಸುಣ್ಣದ ಅಂಶ ಸೇರಿ ಗಡುಸಾಗಿರುವುದರಿಂದ ಈ ಅಂಕಿ ಸುಳ್ಳಾಗಿ ಚೆನ್ನಾಗಿಯೇ ಕಾಣಬಹುದು. ಆದ್ದರಿಂದ ಕಾಲ್ಬೆರಳಿನ ರಕ್ತದೊತ್ತಡವನ್ನೂ, ಶಬ್ದತರಂಗದಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಅಡಚಣೆ ಕಂಡುಬಂದರೆ ಬಲೂನಿನಿಂದ ನಾಳವನ್ನು ತೆರೆಯುವುದೋ ಬೈಪಾಸ್ ಮಾಡುವುದೋ ಸಾಧ್ಯವೇ ಎಂಬುದನ್ನು ರಕ್ತನಾಳ ತಜ್ಞರು ತಡಮಾಡದೆ ನಿರ್ಧರಿಸಬೇಕು. ಎರಡನೆಯದು ಮೂಳೆ. ಹೆಬ್ಬೆರಳ ಬುಡದಲ್ಲಿ ಚರ್ಮಕ್ಕೂ ಮೂಳೆಗೂ ಅಂತರ ಬಹಳ ಕಡಿಮೆ. ಶುದ್ಧಗೊಳಿಸಿದ ಲೋಹದ ಕಡ್ಡಿಯನ್ನು ಹುಣ್ಣಿನ ತಳಕ್ಕೆ ಮೆಲ್ಲನೆ ಇಳಿಸಿದಾಗ ತುದಿಗೆ ಮೆತ್ತಗಿನ ಮಾಂಸದ ಬದಲು ಗಟ್ಟಿಯಾದ, ಒರಟಾದ ನೆಲೆ ತಾಗಿದರೆ ಮೂಳೆಗೆ ಸೋಂಕು ತಗುಲಿರುವ ಸಂಭವ ಹೆಚ್ಚು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಐದು ತಿಂಗಳ ಡ್ರೆಸ್ಸಿಂಗ್‌ನಲ್ಲಿ ಯಾರಾದರೂ ಮಾಡಿದ್ದಾರೆಯೇ? ಮಾಡಿರದಿದ್ದರೆ ಎಕ್ಸ್‌ರೇ, ಅಗತ್ಯವಿದ್ದರೆ ಎಂಆರ್‌ಐ ಜೊತೆಗೆ ಅದು ಕೂಡಲೇ ಆಗಬೇಕು. ಸೋಂಕು ತಗುಲಿದ ಮೂಳೆ ಒಳಗಿರುವವರೆಗೆ ಮೇಲಿನ ಚರ್ಮ ಮುಚ್ಚಿದರೂ ಮತ್ತೆ ಒಡೆಯುತ್ತದೆ. ಸಕ್ಕರೆಯ ಹತೋಟಿ, ಊಟದಲ್ಲಿ ಸಾಕಷ್ಟು ಪ್ರೋಟೀನು, ಬೀಡಿ-ಹೊಗೆಸೊಪ್ಪಿನ ಚಟವಿದ್ದರೆ ಅದನ್ನು ಬಿಡುವುದು ಇವೆಲ್ಲ ಜೊತೆಜೊತೆಗೇ ನಡೆಯಬೇಕಾದವು.

ಇನ್ನು ಆಕರಕೋಶದ, ಅಂದರೆ ಸ್ಟೆಮ್ ಸೆಲ್‌ನ ವಿಚಾರ. ತಾನೂ ಹೆಚ್ಚುತ್ತಾ ಬೇರೆ ಬಗೆಯ ಕೋಶಗಳಾಗಿಯೂ ಮಾರ್ಪಡಬಲ್ಲ ಮೂಲಕೋಶ ಇದು. ಹೊಕ್ಕುಳಬಳ್ಳಿ, ಮೂಳೆಮಜ್ಜೆ ಅಥವಾ ಕೊಬ್ಬಿನಿಂದ ತೆಗೆದು ಗಾಯಗಳಿಗೆ ಬಳಸಲು ಪ್ರಯತ್ನಿಸುತ್ತಿರುವುದು ಮೆಸೆಂಕೈಮಲ್ ಎಂಬ ಬಗೆಯ ಕೋಶಗಳನ್ನು. ಚುಚ್ಚಿದ ಕೋಶಗಳು ಗಾಯದಲ್ಲಿ ಬೇರೂರಿ ಹೊಸ ಚರ್ಮವಾಗಿ ಬೆಳೆಯುತ್ತವೆ ಎಂದು ಜಾಹೀರಾತುಗಳು ನಂಬಿಸುತ್ತವೆ. ವಾಸ್ತವದಲ್ಲಿ ಅವುಗಳಲ್ಲಿ ಬಹುಪಾಲು ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ನಶಿಸಿಹೋಗುತ್ತವೆ. ಬದುಕಿರುವ ಆ ಅಲ್ಪಾವಧಿಯಲ್ಲಿ ಅವು ಸ್ರವಿಸುವ ರಾಸಾಯನಿಕ ಸಂಕೇತಗಳೇ ಅವುಗಳ ಔಷಧಿ: ಉರಿಯೂತವನ್ನು ತಗ್ಗಿಸುವುದು, ಹೊಸ ಸೂಕ್ಷ್ಮ ರಕ್ತನಾಳಗಳು ಚಿಗುರಲು ಪ್ರಚೋದಿಸುವುದು, ಸುತ್ತಲಿನ ರೋಗಿಯದೇ ಕೋಶಗಳು ಗಾಯದತ್ತ ಸರಿಯುವಂತೆ ಮಾಡುವುದು. ಸಕ್ಕರೆ ಕಾಯಿಲೆಯ ಹುಣ್ಣು ಉರಿಯೂತದ ಹಂತದಲ್ಲೇ ಸಿಕ್ಕಿಕೊಂಡು, ಅಂಗಾಂಶ ಕಟ್ಟುವ ಹಂತಕ್ಕೆ ದಾಟಲಾರದೆ ನಿಂತಿರುತ್ತದೆ. ಅಲ್ಲಿ ತುಂಬಿರುವ ಕಿಣ್ವಗಳು ದೇಹ ತಾನೇ ಕಳುಹಿಸುವ ಬೆಳವಣಿಗೆ ಅಂಶಗಳನ್ನೂ ಅರಗಿಸಿಬಿಡುತ್ತವೆ. ಈ ಸ್ಥಿತಿಯನ್ನು ಆಕರಕೋಶಗಳು ಮುರಿಯಬಲ್ಲವು ಎಂಬ ವೈಜ್ಞಾನಿಕ ತರ್ಕದಲ್ಲಿ ಹುರುಳಿದೆ, ಅದಕ್ಕಾಗಿ ಪ್ರಾಮಾಣಿಕವಾಗಿ ದುಡಿಯುತ್ತಿರುವ ಸಂಶೋಧಕರ ಬಗ್ಗೆ ನನಗೆ ಗೌರವವಿದೆ. ತರ್ಕವನ್ನು ಚಿಕಿತ್ಸೆಯೆಂದು ಮಾರುವುದಕ್ಕಷ್ಟೇ ನನ್ನ ವಿರೋಧ.

ಪುರಾವೆ ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದಕ್ಷಿಣ ಕೊರಿಯಾದಲ್ಲಿ ಕೊಬ್ಬಿನಿಂದ ಪಡೆದ ಆಕರಕೋಶಗಳನ್ನು ಜೆಲ್ಲಿಯಂಥ ತೆಳುವಾದ ಹೈಡ್ರೋಜೆಲ್ ಹಾಳೆಯಲ್ಲಿ ಕೂರಿಸಿ ಪಾದದ ಹುಣ್ಣಿನ ಮೇಲೆ ಹಚ್ಚಿದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 59 ರೋಗಿಗಳಿದ್ದ ಆ ಪರೀಕ್ಷೆಯಲ್ಲಿ ಹನ್ನೆರಡು ವಾರಗಳ ನಂತರ ಆಕರಕೋಶದ ಹಾಳೆ ಪಡೆದವರಲ್ಲಿ ಶೇ 82, ಕೋಶವಿಲ್ಲದ ಪಾಲಿಯುರೆಥೇನ್ ಪದರವನ್ನಷ್ಟೇ ಪಡೆದವರಲ್ಲಿ ಶೇ 53 ಮಂದಿಯ ಗಾಯ ಪೂರ್ತಿ ಮುಚ್ಚಿತು. ಆಶಾದಾಯಕವಾದ ವ್ಯತ್ಯಾಸವೇ ಸರಿ. ಆದರೆ ಎರಡನೆಯ ಅಂಕಿಯ ಕಡೆಗೂ ಗಮನ ಕೊಡಿ: ಆಕರಕೋಶದ ಸಹಾಯವಿಲ್ಲದೆ, ಕ್ರಮಬದ್ಧ ಆರೈಕೆಯಿಂದಲೇ ಅರ್ಧಕ್ಕಿಂತ ಹೆಚ್ಚು ಮಂದಿ ಗುಣವಾಗಿದ್ದಾರೆ. ಸೋಂಕಿರುವವರನ್ನೂ ರಕ್ತಸಂಚಾರ ತೀರಾ ಕುಂದಿದವರನ್ನೂ ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅಲ್ಲದೆ ಗಾಯದ ಮೇಲೆ ಹಚ್ಚುವ ಕೊಬ್ಬಿನ ಕೋಶದ ಹಾಳೆಯ ಫಲಿತಾಂಶವನ್ನು ತೋರಿಸಿ ಹೊಕ್ಕುಳಬಳ್ಳಿಯ ಕೋಶದ ಇಂಜೆಕ್ಷನ್ ಮಾರಲು ಬರುವುದಿಲ್ಲ. ಅವು ಬೇರೆ ಬೇರೆ ಔಷಧಿಗಳು.

ಚಿಕ್ಕ ಪರೀಕ್ಷೆಯ ಉತ್ತಮ ಫಲಿತಾಂಶವು ದೊಡ್ಡ ಪರೀಕ್ಷೆಯಲ್ಲಿ ನಿಲ್ಲದೆ ಹೋಗುವುದೂ ಉಂಟು. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯವರಿಗೆ ಗುದದ್ವಾರದ ಬಳಿ ಆಗುವ, ವರ್ಷಗಟ್ಟಲೆ ಕೀವು ಸೋರುವ ಫಿಸ್ಟುಲಾ ಗಾಯಕ್ಕೆ ದಾನಿಗಳ ಕೊಬ್ಬಿನಿಂದ ತಯಾರಿಸಿದ ಆಕರಕೋಶದ ಔಷಧಿಯೊಂದಕ್ಕೆ ಯೂರೋಪಿನಲ್ಲಿ 2018ರಲ್ಲಿ ಅನುಮತಿ ದೊರೆತಿತ್ತು. ಮೊದಲ ಪರೀಕ್ಷೆಯಲ್ಲಿ ಔಷಧಿ ಪಡೆದವರಲ್ಲಿ ಸುಮಾರು ಶೇ 50, ಹುಸಿ ಔಷಧಿ ಪಡೆದವರಲ್ಲಿ ಸುಮಾರು ಶೇ 34 ಮಂದಿಗೆ ಗುಣ ಕಂಡಿತ್ತು. ಇನ್ನಷ್ಟು ದೊಡ್ಡದಾಗಿ ನಡೆಸಿದ ಎರಡನೆಯ ಪರೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂದಾಗ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅದನ್ನು ಯೂರೋಪಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಇಷ್ಟು ಕಟ್ಟುನಿಟ್ಟಿನ ತಪಾಸಣೆಯನ್ನು ದಾಟಿ ಬಂದ ಔಷಧಿಯ ಕಥೆಯೇ ಹೀಗಿರುವಾಗ, ಯಾವ ಪರೀಕ್ಷೆಗೂ ಒಳಪಡದ ಸೀಸೆಯೊಂದಕ್ಕೆ ಗ್ಯಾರಂಟಿ ಕೊಡುವವರ ಮಾತನ್ನು ಹೇಗೆ ನಂಬುವುದು?

ಕಾನೂನು ಏನು ಹೇಳುತ್ತದೆ ಎಂಬುದೂ ನಿಮಗೆ ಗೊತ್ತಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಹೊರಡಿಸಿದ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆಯ ಕಸಿಯಂಥ ಚಿಕಿತ್ಸೆಗಳನ್ನು ಬಿಟ್ಟರೆ, ಅನುಮೋದನೆ ಇಲ್ಲದ ಆಕರಕೋಶದ ಬಳಕೆಯೆಲ್ಲ ಸಂಶೋಧನೆಯೇ. ಅದನ್ನು ನೋಂದಾಯಿತ ಕ್ಲಿನಿಕಲ್ ಟ್ರಯಲ್‌ನ (ರೋಗಿಗಳ ಮೇಲೆ ನಡೆಸುವ ಔಷಧ ಪರೀಕ್ಷೆಯ) ಚೌಕಟ್ಟಿನಲ್ಲಿ ಮಾತ್ರ ನಡೆಸಬೇಕು, ಭಾಗವಹಿಸುವ ರೋಗಿಯಿಂದ ಅದಕ್ಕಾಗಿ ಹಣ ಪಡೆಯುವಂತಿಲ್ಲ. ಪ್ರಯೋಗಾಲಯದಲ್ಲಿ ಸಂಸ್ಕರಿಸಿ ತಯಾರಿಸುವ ಆಕರಕೋಶದ ಉತ್ಪನ್ನಗಳನ್ನು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೊಸ ಔಷಧಿಗಳ ಸಾಲಿಗೆ ಸೇರಿಸಿವೆ. ಆದ್ದರಿಂದ ಕ್ಲಿನಿಕ್‌ನವರನ್ನು ನೇರವಾಗಿ ಕೇಳಿ: ಈ ಉತ್ಪನ್ನಕ್ಕೆ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಯಾವ ಕಾಯಿಲೆಗೆ ಇದೆ? ಟ್ರಯಲ್ ಎಂದಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಯಾವುದು, ನೈತಿಕ ಸಮಿತಿ ಯಾವುದು, ಹಾನಿಯಾದರೆ ಪರಿಹಾರ ಕೊಡುವವರು ಯಾರು? ನೋಂದಣಿಯ ವಿವರಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಟ್ರಯಲ್ ಎನ್ನುತ್ತಲೇ ಎರಡೂವರೆ ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಣ ಹೋಗುವುದಷ್ಟೇ ಅಪಾಯವಲ್ಲ. ಅಮೆರಿಕದಲ್ಲಿ ಅನುಮತಿಯಿಲ್ಲದೆ ಮಾರಾಟವಾಗುತ್ತಿದ್ದ, ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಉತ್ಪನ್ನವನ್ನು ಚುಚ್ಚಿಸಿಕೊಂಡ 12 ಮಂದಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2018ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ತೆರೆಯದ ಸೀಸೆಗಳಲ್ಲೇ ಬ್ಯಾಕ್ಟೀರಿಯಾ ಇದ್ದವು. ಸಕ್ಕರೆ ಕಾಯಿಲೆಯ ಪಾದದಲ್ಲಿ ಇಂಥದ್ದು ಸಂಭವಿಸಿದರೆ, ತಪ್ಪಿಸಲು ಹೊರಟ ಅಂಗಚ್ಛೇದನವೇ ಹತ್ತಿರ ಬರುತ್ತದೆ.

ನಮ್ಮ ದೇಶದಲ್ಲಿ ಅನುಮತಿ ಪಡೆದ ಒಂದು ಉತ್ಪನ್ನವನ್ನು ಇಲ್ಲಿ ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಮೂಳೆಮಜ್ಜೆಯಿಂದ ತಯಾರಿಸುವ ಸ್ಟೆಂಪ್ಯೂಸೆಲ್ ಎಂಬ ಔಷಧಿಗೆ, ಬರ್ಗರ್ಸ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ಅಪಾಯದ ಮಟ್ಟಕ್ಕೆ ಕುಸಿದವರಲ್ಲಿ ಬಳಸಲು 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. 2020ರಲ್ಲಿ ಅದು ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡು ಉಂಟಾಗುವ ಅದೇ ಬಗೆಯ ತೀವ್ರ ರಕ್ತಕೊರತೆಗೂ ವಿಸ್ತರಿಸಿತು. ಬರ್ಗರ್ಸ್ ಹೆಚ್ಚಾಗಿ ಬೀಡಿ, ಸಿಗರೇಟು ಸೇದುವ ಯುವಕರಲ್ಲಿ ಕಾಣುವ ಕಾಯಿಲೆ. ಕೈಕಾಲುಗಳ ಚಿಕ್ಕ ರಕ್ತನಾಳಗಳೇ ಮುಚ್ಚಿಹೋಗುವುದರಿಂದ ಬಲೂನಿಗೂ ಬೈಪಾಸಿಗೂ ಅಲ್ಲಿ ಅವಕಾಶ ಕಡಿಮೆ. ಹಾಗಾಗಿ ಮೀನಖಂಡದ ಸ್ನಾಯುವಿಗೆ ಚುಚ್ಚುವ ಈ ಔಷಧಿಗೆ ಅಲ್ಲಿ ನಿಜವಾದ ಸ್ಥಾನವಿದೆ. ನಿಮ್ಮ ತಂದೆಯವರ ಹುಣ್ಣು ಸ್ಪರ್ಶ ಕಳೆದುಕೊಂಡ ಪಾದದ ಮೇಲಿನ ಒತ್ತಡದಿಂದ ಆದದ್ದು ಎಂದೇ ತೋರುತ್ತದೆ, ಅದು ಈ ಅನುಮತಿಯ ವ್ಯಾಪ್ತಿಗೆ ಬರುವುದಿಲ್ಲ. ರಕ್ತನಾಳದ ಪರೀಕ್ಷೆಯಲ್ಲಿ ತೀವ್ರ ಅಡಚಣೆ ಕಂಡು, ಅದನ್ನು ತೆರೆಯಲು ಬೇರೆ ದಾರಿಯೇ ಇಲ್ಲವೆಂದು ತಜ್ಞರು ಹೇಳಿದರೆ ಆಗ ಈ ಪ್ರಶ್ನೆಯನ್ನು ಅವರ ಮುಂದಿಡಬಹುದು.

ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮೊದಲು ತೋರಿಸಿ. ಬೆಂಗಳೂರಿಗೆ ಬರುವ ಅನುಕೂಲವಿದ್ದರೆ ಸರ್ಕಾರದ ಕರ್ನಾಟಕ ಅಂತಃಸ್ರಾವಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಮಧುಮೇಹಿಗಳ ಪಾದಕ್ಕೆಂದೇ ವಿಭಾಗವಿದೆ. ಇಂದೇ ಗಾಯದ ಪಕ್ಕ ಅಳತೆಪಟ್ಟಿ ಇಟ್ಟು ಒಂದು ಫೋಟೋ ತೆಗೆದಿಡಿ. ಸರಿಯಾದ ಚಿಕಿತ್ಸೆ ಆರಂಭವಾದ ನಾಲ್ಕು ವಾರಗಳಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕೆ ಇಳಿದರೆ ಮೂರು ತಿಂಗಳಲ್ಲಿ ಅದು ಮುಚ್ಚುವ ಸಾಧ್ಯತೆ ಚೆನ್ನಾಗಿದೆ. ಇಳಿಯದಿದ್ದರೆ ಅದೇ ಡ್ರೆಸ್ಸಿಂಗನ್ನು ಮುಂದುವರಿಸದೆ ಕಾರಣವನ್ನು ಮತ್ತೆ ಹುಡುಕಬೇಕು. ಪಾದ ಕೆಂಪಾಗಿ ಊದಿಕೊಂಡರೆ, ದುರ್ವಾಸನೆ ಬಂದರೆ, ಬೆರಳು ಕಪ್ಪಾದರೆ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನ್ನ ತಂಗಿಗೆ ಗ್ಯಾಸ್ ಸೋರಿಕೆಯ ಬೆಂಕಿಯಲ್ಲಿ ದೇಹದ ಶೇ 40ರಷ್ಟು ಭಾಗ ಸುಟ್ಟಿದೆ. ಬೇರೆ ದೇಶಗಳಲ್ಲಿ ರೋಗಿಯದೇ ಆಕರಕೋಶದಿಂದ ಲ್ಯಾಬಿನಲ್ಲಿ ಚರ್ಮ ಬೆಳೆಸಿ ಹಾಕುತ್ತಾರೆ ಎಂದು ಓದಿದೆ. ಅದು ನಿಜವೇ? ಅವಳಿಗೆ ಅದು ಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ನಿಜ, ಮತ್ತು ಗಾಯದ ಚಿಕಿತ್ಸೆಯಲ್ಲಿ ಆಕರಕೋಶಗಳು ತಮ್ಮ ಶಕ್ತಿಯನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿರುವುದು ಇಲ್ಲಿಯೇ. ನಮ್ಮ ಹೊರಚರ್ಮದ ತಳಪದರದಲ್ಲಿ ಜೀವನಪರ್ಯಂತ ಚರ್ಮವನ್ನು ಹೊಸದಾಗಿಸುತ್ತಲೇ ಇರುವ ಆಕರಕೋಶಗಳಿವೆ. ಅವುಗಳನ್ನು ದೇಹದ ಹೊರಗೆ ಬೆಳೆಸುವ ವಿಧಾನವನ್ನು 1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಕಂಡುಕೊಂಡರು. 1983ರಲ್ಲಿ ದೇಹದ ಶೇ 95ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರನ್ನು ಬಾಸ್ಟನ್‌ಗೆ ತಂದಾಗ, ಕಂಕುಳಿನಿಂದ ತೆಗೆದ ಎರಡು ಚದರ ಸೆಂಟಿಮೀಟರ್ ಚರ್ಮದಿಂದ ಹಾಳೆಗಳನ್ನು ಬೆಳೆಸಿ ಅವರ ಮೈಯ ಸುಮಾರು ಅರ್ಧಭಾಗವನ್ನು ಹೊದಿಸಲಾಯಿತು, ಇಬ್ಬರೂ ಬದುಕಿದರು. ಇನ್ನೂ ಮುಂದಿನ ಹೆಜ್ಜೆ 2015ರಲ್ಲಿ ಜರ್ಮನಿಯ ಬೋಹುಮ್‌ನಲ್ಲಿ ನಡೆಯಿತು. ಮುಟ್ಟಿದರೆ ಚರ್ಮ ಕಳಚಿಬರುವ ಎಪಿಡರ್ಮೋಲಿಸಿಸ್ ಬುಲೋಸಾ ಎಂಬ ಆನುವಂಶಿಕ ಕಾಯಿಲೆಯಿದ್ದ ಏಳು ವರ್ಷದ ಹುಡುಗನ ಚರ್ಮಕೋಶಗಳಲ್ಲಿ ದೋಷವಿದ್ದ ಜೀನನ್ನು ಇಟಲಿಯ ಮಿಕೆಲೆ ದೆ ಲೂಕಾ ಅವರ ತಂಡ ಸರಿಪಡಿಸಿ, ಆ ಕೋಶಗಳಿಂದ ಬೆಳೆಸಿದ ಹೊರಚರ್ಮದಿಂದ ಅವನ ದೇಹದ ಶೇ 80ರಷ್ಟು ಭಾಗ ಹೊದಿಸಿತು. ಕಸಿ ಮಾಡಿದ ಅಸಂಖ್ಯ ಕೋಶಗಳಲ್ಲಿ ದೀರ್ಘಾಯುಷ್ಯದ ಕೆಲವೇ ಆಕರಕೋಶಗಳು ಉಳಿದು ಇಡೀ ಚರ್ಮವನ್ನು ಪೋಷಿಸುತ್ತಿವೆ ಎಂಬುದನ್ನು 2017ರ ಅವರ ವರದಿ ಸ್ಪಷ್ಟವಾಗಿ ತೋರಿಸಿತು. ಗಾಯಕ್ಕೆ ಚುಚ್ಚುವ ಹೊಕ್ಕುಳಬಳ್ಳಿಯ ಕೋಶಗಳಿಗೂ ಇವುಗಳಿಗೂ ಇರುವ ಮುಖ್ಯ ಅಂತರ ಇದು: ಅವು ಸಂಕೇತ ಕೊಟ್ಟು ನಶಿಸುತ್ತವೆ, ಇವು ಚರ್ಮವಾಗಿಯೇ ಉಳಿಯುತ್ತವೆ.

ಹಾಗಿದ್ದರೂ ನಿಮ್ಮ ತಂಗಿಗೆ ಇದರ ಅಗತ್ಯ ಬೀಳುವ ಸಂಭವ ಕಡಿಮೆ, ಅದು ಸಮಾಧಾನದ ವಿಷಯ. ಬೆಳೆಸಿದ ಹಾಳೆ ಕೆಲವೇ ಕೋಶಗಳಷ್ಟು ದಪ್ಪವಿರುತ್ತದೆ. ವ್ಯಾಸಲೀನ್ ಬಟ್ಟೆಗೆ ಅಂಟಿಸಿ ತರದಿದ್ದರೆ ಕೈಯಲ್ಲಿ ಹಿಡಿಯುವಾಗಲೇ ಮುದುಡಿಕೊಳ್ಳುತ್ತದೆ. ಅದಕ್ಕೆ ಒಳಚರ್ಮವಿಲ್ಲ, ಬೆವರಗ್ರಂಥಿ, ಕೂದಲಿಲ್ಲ. ಬೆಳೆಯಲು ಮೂರು ವಾರಗಳಷ್ಟು ಬೇಕು, ಸೋಂಕು ಬಂದರೆ ಬೇಗ ಕರಗುತ್ತದೆ, ಹಿಡಿದ ಮೇಲೂ ತಿಂಗಳುಗಟ್ಟಲೆ ಗುಳ್ಳೆ ಏಳುತ್ತದೆ. ಆದ್ದರಿಂದಲೇ ಕಸಿಗೆ ತೆಗೆಯಲು ಆರೋಗ್ಯವಂತ ಚರ್ಮವೇ ಉಳಿದಿಲ್ಲದ ರೋಗಿಗಳಿಗೆ ಅದನ್ನು ಮೀಸಲಿಡುತ್ತಾರೆ. ನಿಮ್ಮ ತಂಗಿಗೆ ಶೇ 60 ಚರ್ಮ ಉಳಿದಿದೆ. ತೊಡೆಯಿಂದ ತೆಳುವಾಗಿ ತೆಗೆದ ಅವರದೇ ಚರ್ಮಕ್ಕೆ ಬಲೆಯಂತೆ ರಂಧ್ರ ಮಾಡಿ ಹಿಗ್ಗಿಸಿ ಹಾಕಿದರೆ ಹೆಚ್ಚು ಜಾಗ ಮುಚ್ಚಬಹುದು, ತೆಗೆದ ಜಾಗ ಎರಡು ಮೂರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಸುಟ್ಟ ಸತ್ತ ಚರ್ಮವನ್ನು ಆದಷ್ಟು ಬೇಗ ತೆಗೆದು ಹೀಗೆ ಮುಚ್ಚುವುದೇ ಇಂದಿನ ಉತ್ತಮ ಚಿಕಿತ್ಸೆ.

ಕಸಿಗೆ ಮುನ್ನ ತಾತ್ಕಾಲಿಕವಾಗಿ ಗಾಯ ಮುಚ್ಚಲು ದಾನಿಗಳ ಚರ್ಮ ಬಹಳ ಉಪಯುಕ್ತ. ನೋವು, ನೀರಿನಂಶದ ನಷ್ಟ, ಸೋಂಕು ಮೂರನ್ನೂ ಅದು ತಗ್ಗಿಸುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ತಂಗಿಯನ್ನು ನೋಡುತ್ತಿರುವ ವೈದ್ಯರು ಅಲ್ಲಿ ವಿಚಾರಿಸಬಹುದು. ನಮ್ಮಲ್ಲಿ ಕೊರತೆಯಿರುವುದು ದಾನಿಗಳದು. ಮರಣದ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ಕಾಗದದಷ್ಟು ತೆಳುವಾದ ಮೇಲ್ಪದರವನ್ನು ಮಾತ್ರ ತೆಗೆಯುತ್ತಾರೆ, ದೇಹ ವಿಕಾರವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕಾಗಿಲ್ಲ, ಗ್ಲಿಸರಾಲಿನಲ್ಲಿ ಐದು ವರ್ಷದವರೆಗೆ ಕಾಪಿಡಬಹುದು. ನೇತ್ರದಾನಕ್ಕೆ ಮನಸ್ಸು ಮಾಡಿರುವ ಕುಟುಂಬಗಳು ಇದನ್ನೂ ಜೊತೆಗೆ ಸೇರಿಸಿಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಪಿಆರ್‌ಪಿ, ಎಕ್ಸೋಸೋಮ್ ಇವೂ ಆಕರಕೋಶ ಚಿಕಿತ್ಸೆಗಳೇ? ಗಾಯಕ್ಕೆ ಒಳ್ಳೆಯವೇ?
— ಓದುಗರು, ಮೈಸೂರು

ಉತ್ತರ: ಪಿಆರ್‌ಪಿಯಲ್ಲಿ ಇರುವುದು ನಿಮ್ಮದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನು ದಟ್ಟವಾಗಿಸಿದ ದ್ರವ, ಅದು ಆಕರಕೋಶ ಚಿಕಿತ್ಸೆಯಲ್ಲ. ಇದೇ ಕುಟುಂಬಕ್ಕೆ ಸೇರಿದ, ಬಿಳಿರಕ್ತಕಣ, ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರಿನಂಥ ಪ್ರೋಟೀನು) ಕೂಡಿದ ಚಿಕ್ಕ ಬಿಲ್ಲೆಯೊಂದನ್ನು ರೋಗಿಯ ರಕ್ತದಿಂದಲೇ ತಯಾರಿಸಿ ಮಾಯಲು ಕಷ್ಟವಾದ ಮಧುಮೇಹದ ಹುಣ್ಣುಗಳ ಮೇಲೆ ಇಟ್ಟಾಗ ಇಪ್ಪತ್ತು ವಾರಗಳಲ್ಲಿ ಶೇ 34 ಮಂದಿ ಗುಣವಾದರು, ಬರಿಯ ಉತ್ತಮ ಆರೈಕೆಯಲ್ಲಿ ಶೇ 22 ಮಂದಿ ಎಂಬುದು 2018ರಲ್ಲಿ ಪ್ರಕಟವಾದ ಪರೀಕ್ಷೆಯ ಫಲಿತಾಂಶ. ಲಾಭ ಸಾಧಾರಣವಾದದ್ದು, ಆದರೆ ಪ್ರಾಮಾಣಿಕವಾಗಿ ಅಳೆದದ್ದು.

ಎಕ್ಸೋಸೋಮ್‌ಗಳು ಕೋಶಗಳು ಹೊರಸೂಸುವ ಅತಿಸೂಕ್ಷ್ಮ ಚೀಲಗಳು. ಆಕರಕೋಶಗಳು ತಮ್ಮ ಸಂಕೇತಗಳನ್ನು ರವಾನಿಸುವುದು ಬಹುಮಟ್ಟಿಗೆ ಇವುಗಳ ಮೂಲಕವೇ ಆದ್ದರಿಂದ, ಕೋಶವನ್ನೇ ಬಿಟ್ಟು ಇವನ್ನಷ್ಟೇ ಔಷಧಿಯಾಗಿಸುವ ಯೋಚನೆ ಚೆನ್ನಾಗಿದೆ. ಪ್ರಾಣಿಗಳ ಮೇಲಿನ ಫಲಿತಾಂಶಗಳೂ ಹುರುಪು ಕೊಡುವಂತಿವೆ. ಆದರೆ ಎಕ್ಸೋಸೋಮ್ ಉತ್ಪನ್ನಗಳಿಂದ ರೋಗಿಗಳಿಗೆ ಗಂಭೀರ ತೊಂದರೆಗಳಾದ ವರದಿಗಳು ಬಂದಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿ, ಇಂಥ ಯಾವ ಉತ್ಪನ್ನಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಸ್ಪಷ್ಟಪಡಿಸಿತು. ಸೌಂದರ್ಯ ಕ್ಲಿನಿಕ್‌ಗಳಲ್ಲಿ ಮುಖಕ್ಕೆ ಹಚ್ಚುವ ಸೀಸೆಯನ್ನು ತೆರೆದ ಗಾಯಕ್ಕೆ ಎಂದಿಗೂ ಬಳಸಬೇಡಿ.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಮಗುವಿಗೆ ಮುಂದೆ ಸುಟ್ಟಗಾಯ, ದೊಡ್ಡ ಗಾಯ ಏನಾದರೂ ಆದರೆ ಉಪಯೋಗಕ್ಕೆ ಬರುತ್ತದೆ ಎಂದು ಹೊಕ್ಕುಳಬಳ್ಳಿಯ ರಕ್ತ ಮತ್ತು ಅಂಗಾಂಶ ಎರಡನ್ನೂ ಖಾಸಗಿ ಬ್ಯಾಂಕಿನಲ್ಲಿ ಇಡಲು ಹೇಳುತ್ತಿದ್ದಾರೆ. ಇಡಬೇಕೇ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಮುಖ್ಯವಾಗಿ ಇರುವುದು ರಕ್ತವನ್ನು ಉತ್ಪಾದಿಸುವ ಆಕರಕೋಶಗಳು. ರಕ್ತದ ಕೆಲವು ಕಾಯಿಲೆಗಳ ಕಸಿಯಲ್ಲಿ ಅವಕ್ಕೆ ಬೆಲೆಯಿದೆ, ಗಾಯದ ಚಿಕಿತ್ಸೆಗಾಗಿ ಅವನ್ನು ಕಾಪಿಡಲು ಆಧಾರವಿಲ್ಲ. ಹೊಕ್ಕುಳಬಳ್ಳಿಯ ಅಂಗಾಂಶವನ್ನು ವಾಣಿಜ್ಯ ಉದ್ದೇಶಕ್ಕೆ ಸಂಗ್ರಹಿಸಿಡಲು ಮೇಲೆ ಹೇಳಿದ 2017ರ ಮಾರ್ಗಸೂಚಿ ಅವಕಾಶವನ್ನೇ ಕೊಟ್ಟಿಲ್ಲ. ಖಾಸಗಿಯಾಗಿ ರಕ್ತ ಕಾಪಿಡುವುದನ್ನು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ 2018ರ ತನ್ನ ಹೇಳಿಕೆಯಲ್ಲಿ ಪ್ರೋತ್ಸಾಹಿಸಿಲ್ಲ. ಕುಟುಂಬದಲ್ಲಿ ಈಗಾಗಲೇ ಮತ್ತೊಂದು ಮಗುವಿಗೆ ಥಲಸ್ಸೀಮಿಯಾದಂಥ, ಕಸಿಯಿಂದ ಗುಣವಾಗಬಲ್ಲ ಕಾಯಿಲೆಯಿದ್ದರೆ ಮಾತು ಬೇರೆ. ಹಾಗಿದ್ದರೆ ಹೆರಿಗೆಗೆ ಮುನ್ನವೇ ರಕ್ತರೋಗ ತಜ್ಞರನ್ನು ಕಾಣಿ. ಅಂಥ ಕಾರಣವಿಲ್ಲದಿದ್ದರೆ, ಮಗು ಹುಟ್ಟಿದ ಕೂಡಲೇ ಬಳ್ಳಿಯನ್ನು ಕತ್ತರಿಸದೆ ಕನಿಷ್ಠ ಒಂದು ನಿಮಿಷ ಕಾಯಲು ನಿಮ್ಮ ಹೆರಿಗೆ ವೈದ್ಯರಿಗೆ ಹೇಳಿ; ಆ ರಕ್ತ ಮಗುವಿನ ಮೈಗೇ ಹರಿದು ಮೊದಲ ತಿಂಗಳುಗಳ ರಕ್ತಹೀನತೆಯನ್ನು ತಡೆಯಲು ನೆರವಾಗುತ್ತದೆ.